ಹಸಿರು ದಾರದ ಗಂಟು

ಬಹಳ ಹಿಂದೇನಲ್ಲ, ಕಡಲ ದಡದಲ್ಲಿ ಬಲೆ ಹೊಲಿಯುವವಳೊಬ್ಬಳಿದ್ದಳಂತೆ. ಅವಳಿಗೊಬ್ಬ ಗಂಡ, ಗಂಡನಿಗೆ ಬೋಟಿನ ಎಂಜಿನ್ ನೋಡಿಕೊಳ್ಳುವ ಕೆಲಸ, ಬೋಟಿಗೊಬ್ಬ ಸಾಹುಕಾರ. ರಾಕ್ಷಸಿ ಬರದೇ ಇದ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬಂದಳು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಂಕುಳಲ್ಲಿ ಫೈಲು ಇಟ್ಟುಕೊಂಡು, ಬೋಟಿನ ಆಳುಗಳ ಸುರಕ್ಷತೆ ನೋಡುವ ಇನ್‌ಸ್ಪೆಕ್ಟರಾಗಿ.

ಅಂದಿನಿಂದ ಗಂಡನ ಬಾಯಲ್ಲಿ ಒಂದೇ ಮಂತ್ರ.

"ಆರು ಗಂಟೆ ನಿದ್ದೆ ಕೊಡದೆ ದುಡಿಸೋ ಹಾಗಿಲ್ಲವಂತೆ. ಮೇಡಂ ಹೇಳಿದ್ದಾರೆ."

"ಹನ್ನೆರಡು ವರ್ಷದಿಂದ ನಾನು ಬಡ್ಕೋತಿದ್ದೀನಲ್ಲ, ಅದೇನು ಕಾಗೆ ಕೂಗಿದ್ದಾ?"

"ನೀನು ಹೇಳಿದ್ರೆ ಸಾಹುಕಾರ್ರು ಕೇಳ್ತಾರೇನೇ?"

"ಸಾಹುಕಾರ್ರು ಹಾಳಾಗ್ಲಿ. ನೀವು ಕೇಳಿದ್ರಾ?"

ಅವನು ಕನ್ನಡಿಗೆ ಕೆನ್ನೆ ತಿರುಗಿಸಿದ. ತಪಾಸಣೆಯ ದಿನ ತಪ್ಪದೆ ಗಡ್ಡ ಹೆರೆಯುತ್ತಿದ್ದ. ಮದುವೆಯ ದಿನವೂ ಕಿವಿಯ ಕೆಳಗೆ ಒಂದು ಕುರುಚಲು ಉಳಿಸಿಕೊಂಡಿದ್ದ ಮನುಷ್ಯ!

ಕಳೆದ ತಿಂಗಳು ಮೇಡಂ ಪಟ್ಟು ಹಿಡಿದು ಸಾಹುಕಾರನಿಂದ ಈ ಬೋಟಿಗೆ ಆರು ಲೈಫ್ ಜಾಕೆಟ್ ತರಿಸಿದ್ದಳು. "ಒಂದೊಂದರ ಮೇಲೂ ಬೋಟಿನ ನಂಬರು, ಆಳಿನ ಹೆಸರು ಹೊಲಿದುಕೊಡ್ತೀರಾ ಅಕ್ಕಾ?" ಎಂದಿದ್ದಳು. ಇವಳು ಒಪ್ಪಿ ಮಾತು ಕೊಟ್ಟಳು. ಆದರೆ ಆ 'ಅಕ್ಕಾ' ಮುಳ್ಳಿನಂತೆ ಕೂತಿತು. ಎರಡು ವರ್ಷಕ್ಕೆ ದೊಡ್ಡವಳಿದ್ದರೆ ಹೆಚ್ಚು! ಗಂಡನ ಜಾಕೆಟ್ಟಿನ ಕಿತ್ತ ಪಟ್ಟಿಗೆ ಮಾತ್ರ ಬಲೆಯ ಹಸಿರು ದಾರದಿಂದ ತನ್ನದೇ ಜೋಡಿಗಂಟು ಹಾಕಿದಳು. ಹೆಸರು, ನಂಬರು ಆರರಲ್ಲೂ ಇವತ್ತು ನಾಳೆ ಎಂದು ಉಳಿದೇಹೋಯಿತು.

ಆ ಬೆಳಿಗ್ಗೆ ಅವಳು ಸಾಹುಕಾರನ ಎರಡು ಬೋಟುಗಳ ನಡುವಿನ ಕಟ್ಟೆಯ ಮೇಲೆ ಬಲೆ ಹರಡಿ ಕೂತಿದ್ದಳು. ಮೇಡಂ ಇವಳ ಗಂಡನ ಬೋಟಿನಲ್ಲಿ ಆರು ಜಾಕೆಟ್ ಎಣಿಸಿ, ಸಹಿ ಹಾಕಿ, ನೀರು ಕುಡಿಯಲು ಹೋದಳು. ಗಂಡ ತಾಡಪಾಲು ಮುಚ್ಚಿದ ಬುಟ್ಟಿಯೊಂದನ್ನು ಪಕ್ಕದ ಬೋಟಿಗೆ ದಾಟಿಸಿ ಬಂದ. ಸ್ವಲ್ಪ ಹೊತ್ತಿಗೆ ಮೇಡಂ ಆ ಬೋಟು ಹತ್ತಿದಳು. ಅಲ್ಲಿನ ಅಡುಗೆಯವನಿಗೆ ಜಾಕೆಟ್ ತೊಡಿಸಿ ಪಟ್ಟಿ ಎಳೆದು ನೋಡಿದಳು. ಅವನ ಭುಜದ ಮೇಲೆ ಹಸಿರು ದಾರ.

ಬಲೆ ಹೊಲಿಯುವವಳ ಕೈ ನಿಂತಿತು.

ಮೊದಲು ಬಂದದ್ದು ನಗು. ಅಷ್ಟು ಓದಿದವಳ ಕಣ್ಣಿಗೆ ಮಣ್ಣೆರಚಿದರಲ್ಲ! ಅದೂ ಇವಳ ಗಂಡನ ಕೈಯಿಂದಲೇ! ಸಂಜೆ 'ಮೇಡಂ ಹೇಳಿದ್ದಾರೆ' ಅನ್ನಲಿ, ನೋಡೋಣ. ಎದೆಯಲ್ಲಿ ಸಕ್ಕರೆ ಕರಗಿದಂತಾಯಿತು.

ಅಷ್ಟರಲ್ಲಿ ಗಂಡನ ಬೋಟಿನ ಎಂಜಿನ್ ಗುಡುಗಿತು. ಹಗ್ಗ ಬಿಚ್ಚಲು ಒಬ್ಬ ಬಗ್ಗಿದ. ಆ ಬೋಟಿನಲ್ಲೀಗ ಒಂದು ಜಾಕೆಟ್ಟೂ ಇರಲಿಲ್ಲ.

ಅವಳು ಬಲೆ ತುಳಿದುಕೊಂಡೇ ಓಡಿದಳು. "ಮೇಡಂ! ಆ ಗಂಟು ನಂದು. ಆ ಜಾಕೆಟ್ ನಮ್ಮನೆಯವರದ್ದು."

ಮೇಡಂ ಗಂಟನ್ನು ನೋಡಿದಳು, ಎದುರಿನ ಬೋಟನ್ನು ನೋಡಿದಳು. "ನಿಲ್ಲಿಸಿ!" ಎಂದು ಕೂಗಿದಳು. ಸಾಹುಕಾರ ಓಡಿ ಬಂದ. "ಎರಡೇ ದಿನ, ಹೋಗಿ ಬರ್ಲಿ ಬಿಡಿ."

"ಇನ್ನಾರು ಜಾಕೆಟ್ ಬರೋವರೆಗೂ ಎರಡೂ ಬೋಟು ಅಲ್ಲಾಡೋ ಹಾಗಿಲ್ಲ."

ಆಮೇಲೆ ಇವಳತ್ತ ತಿರುಗಿದಳು. "ಹೆಸರು ಹೊಲೀಲಿಲ್ವಾ ಅಕ್ಕಾ?"

"ದಾರ ಇರ್ಲಿಲ್ಲ," ಎಂದಳು, ಕಾಲಿಗೆ ಮೊಳಗಟ್ಟಲೆ ದಾರ ಸುತ್ತಿಕೊಂಡು.

ಮೇಡಂ ನಗಲಿಲ್ಲ. ಇವಳ ಗಂಡನನ್ನು ಕರೆದು ಮೆಲ್ಲಗೆ ಏನೋ ಕೇಳಿದಳು. ಅವನು ನುಣ್ಣಗೆ ಹೆರೆದ ಮುಖ ತಗ್ಗಿಸಿ ನಿಂತ.

ಹೊಸ ಜಾಕೆಟ್‌ಗಳು ಬರುವಾಗ ಬಿಸಿಲು ವಾಲಿತ್ತು. ಹನ್ನೊಂದನ್ನು ಮಡಿಲಲ್ಲಿಟ್ಟು ಹೆಸರು ಹೊಲಿದಳು. ಹನ್ನೆರಡನೆಯದು ಹಸಿರು ಗಂಟಿನದು.

"ಹಾಕ್ಕೊಳ್ಳಿ," ಎಂದಳು ಗಂಡನಿಗೆ.

"ಮೈಮೇಲೇ ಹೊಲೀತೀಯೇನೇ? ಎಲ್ಲರೂ ನೋಡ್ತಿದ್ದಾರೆ."

"ನೋಡ್ಲಿ."

ಮೇಡಂ ಫೈಲು ಹಿಡಿದು ಎರಡು ಮಾರು ದೂರದಲ್ಲಿ ಕಾಯುತ್ತಿದ್ದಳು. ಇವಳು ಆತುರಪಡಲಿಲ್ಲ. ಒಂದೊಂದೇ ಅಕ್ಷರ ಎಳೆದಳು. ಕೊನೆಯ ಹೊಲಿಗೆ ಬಿಗಿದು, ಕತ್ತರಿಯನ್ನು ಪಕ್ಕಕ್ಕಿಟ್ಟು, ಅವನ ಎದೆಗೆ ಮುಖ ತಂದು ದಾರವನ್ನು ಹಲ್ಲಿನಿಂದ ಕಡಿದಳು.