ಎಡಕ್ಕೆ ತಿರುಗಬೇಕಾದ ದಾರಿ

ಲೈಲ್ ಕೊಸ್ಕೆಲಾ ಪ್ರತಿದಿನ ಬೆಳಿಗ್ಗೆ ಹೆಂಡತಿಯನ್ನು ನೋಡಲೆಂದೇ ಮನೆಯಿಂದ ಹೊರಡುತ್ತಿದ್ದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಗಡ್ಡ ಹೆರೆದುಕೊಂಡು, ಒಗೆದ ಅಂಗಿ ತೊಟ್ಟು, ಪಿಕಪ್ಪಿನ ಗಾಜಿಗೆ ಅಂಟಿದ ಹಿಮವನ್ನು ಕೆರೆದು ತೆಗೆದು, ಎಂಜಿನ್ ಬಿಸಿಯಾಗುವವರೆಗೆ ಕೈ ಉಜ್ಜಿಕೊಳ್ಳುತ್ತಾ ಕೂತು ಆಮೇಲೆ ಹೊರಡುತ್ತಿದ್ದ. ಊರು ದಾಟಿದ ಮೇಲೆ, ಮುಚ್ಚಿಹೋದ ಕಬ್ಬಿಣದ ಗಣಿಯ ಹತ್ತಿರ ರಸ್ತೆ ಕವಲಾಗುತ್ತಿತ್ತು. ಎಡಕ್ಕೆ ಹೋದರೆ ಹೆಂಡತಿ ಆರ್ಡಿಸ್ ಇದ್ದ ಆರೈಕೆ ಮನೆ. ಬಲಕ್ಕೆ ಹೋದರೆ ಡ್ವೇನ್‌ನ ಬಾರು. ಅಲ್ಲಿಗೆ ಬರುತ್ತಲೇ ಲೈಲನ ಕೈ ಸ್ಟೀರಿಂಗನ್ನು ಬಲಕ್ಕೆ ಎಳೆಯುತ್ತಿತ್ತು. ಒಂದು ಕಾಫಿ ಕುಡಿದು ಹೋಗೋಣ ಅಂದುಕೊಳ್ಳುತ್ತಿದ್ದ. ಡ್ವೇನ್ ಬೆಳಗಿನ ಹೊತ್ತು ಕಾಫಿ ಕೊಡುತ್ತಿದ್ದದ್ದೂ ನಿಜವೇ. ಆದರೆ ಕಾಫಿಯ ಹಿಂದೆ ಬಿಯರು ಬರುತ್ತಿತ್ತು, ಅದರ ಹಿಂದೆ ಇನ್ನೊಂದು, ಟೀವಿಯಲ್ಲಿ ಯಾವುದೋ ಹಳೇ ಹಾಕಿ ಪಂದ್ಯ. ಹೊರಗೆ ಬೆಳಕು ಕಂದಿದಾಗ, ಬಾಯಿ ತುಂಬ ವಾಸನೆ ಇಟ್ಟುಕೊಂಡು ಅವಳ ಮುಂದೆ ಹೇಗೆ ಕೂರುವುದು, ನಾಳೆ ಹೋದರಾಯಿತು ಎಂದು ಮನೆಗೆ ಮರಳುತ್ತಿದ್ದ.

ಮೊದಲು ಹೀಗಿರಲಿಲ್ಲ. ಎಲೆ ಉದುರುವ ಕಾಲದಲ್ಲಿ ಆರ್ಡಿಸ್‌ಗೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ಶಾಲೆಯ ಬಸ್ಸು ಓಡಿಸುತ್ತಿದ್ದವಳು ಅವಳು. ಬಸ್ಸಿನ ತುಂಬಾ ಮಕ್ಕಳ ಗದ್ದಲವನ್ನು ಕನ್ನಡಿಯಲ್ಲಿ ನೋಡಿ ಒಂದೇ ಗದರಿಕೆಯಲ್ಲಿ ಅಡಗಿಸುತ್ತಿದ್ದವಳು. ಮನೆಯಲ್ಲೂ ಮಾತೆಲ್ಲ ಅವಳದೇ. ಲೈಲ್ ಹೂಂ ಅಂದರೆ ಸಾಕಿತ್ತು. ಆರೈಕೆ ಮನೆಗೆ ಸೇರಿಸಿದ ಹೊಸತರಲ್ಲಿ ಅವನು ಒಂದು ದಿನವೂ ತಪ್ಪಿಸಲಿಲ್ಲ. ಒಂದು ಮಧ್ಯಾಹ್ನ ಅವಳು ಅವನಿಗೆ ಏನನ್ನೋ ಹೇಳಲು ಹೊರಟಳು. ನೀರಾ ಅಂದ, ಅಲ್ಲ. ಕಂಬಳಿಯಾ, ಕಿಟಕಿಯಾ, ನರ್ಸನ್ನು ಕರೀಲಾ, ಯಾವುದೂ ಅಲ್ಲ. ಬಾಯಿಂದ ಬರೀ ಗೊಗ್ಗರು ದನಿ. ಕೊನೆಗೆ ಅವಳು ಎಡಗೈಯಿಂದ ಮಂಚದ ಕಂಬಿಯನ್ನು ಬಡಿಯುತ್ತಾ ಸಿಟ್ಟಿನಿಂದ ಅತ್ತಳು. ಲೈಲ್ ಕೋಟಿನ ಒಂದು ತೋಳು ಹಾಕಿಕೊಂಡು ಇನ್ನೊಂದನ್ನು ನೇತಾಡಿಸಿಕೊಂಡೇ ಹೊರಗೆ ಬಂದಿದ್ದ. ಮಾರನೆಯ ದಿನ, ಇದೊಂದು ದಿನ ತಾನೇ ಎಂದು ಬಲಕ್ಕೆ ತಿರುಗಿದ. ಕೈಗೆ ಆ ದಾರಿ ಹತ್ತಿಬಿಟ್ಟಿತು.

ಪಕ್ಕದ ಮನೆಯ ವರ್ನಾ ಟ್ರೆಥೆವಿಗೆ ಅವನಿಗಿಂತ ಹತ್ತಾರು ವರ್ಷ ಹೆಚ್ಚು ವಯಸ್ಸು, ಗಂಡ ತೀರಿಹೋಗಿದ್ದ. ಒಂದು ಸಂಜೆ ಲೈಲ್ ಬಾಗಿಲ ಮುಂದಿನ ಹಿಮ ಎತ್ತಿಹಾಕುತ್ತಿದ್ದಾಗ ಅವಳು ಕೋಲೂರಿಕೊಂಡು ಬೇಲಿಯ ಹತ್ತಿರ ಬಂದಳು.

"ಹೇಗಿದ್ದಾಳೆ ಆರ್ಡಿಸ್?"

"ಪರವಾಗಿಲ್ಲ. ಇವತ್ತು ಸೂಪು ಕುಡಿದ್ಲು."

"ಯಾವ ಸೂಪು?"

"ಕೋಳಿದು."

"ಹೌದಾ? ನಾನು ಮಧ್ಯಾಹ್ನವೆಲ್ಲ ಅಲ್ಲೇ ಕೂತಿದ್ದೆ ಕಣೋ. ನೀನು ಯಾವ ಕಡೆಯಿಂದ ಬಂದು ಕುಡಿಸ್ದೆ? ಹೊಗೆಗೂಡಿಂದ ಇಳಿದ್ಯಾ?"

ಲೈಲ್ ಸಲಿಕೆಯನ್ನು ಹಿಮಕ್ಕೆ ಚುಚ್ಚಿ ಅದನ್ನೇ ನೋಡುತ್ತಾ ನಿಂತ.

"ಬೈಯೋಕೆ ಬಂದಿಲ್ಲ ಬಿಡು," ಅಂದಳು ವರ್ನಾ. "ನನ್ನ ಗಂಡನಿಗೆ ಕುಡೀಬೇಡ ಅಂತ ಹೇಳಿ ಹೇಳಿ ಗಂಟಲು ಒಣಗಿಸ್ಕೊಂಡಿದ್ದೀನಿ. ಹೇಳಿದ್ದೆಲ್ಲ ಕಿವಿಗೆ ಹೋಗುತ್ತೆ, ಕೈಗೆ ಹೋಗಲ್ಲ. ನಾಳೆ ನಾನು ನಿನ್ನ ಪಕ್ಕದಲ್ಲಿ ಕೂತ್ಕೊಂಡು ಬರ್ತೀನಿ."

"ಬೇಡ ಕಣಮ್ಮ, ನಾನೇ ಹೋಗ್ತೀನಿ."

"ಹೋಗ್ತೀಯ, ಹೋಗ್ತೀಯ. ಹಾರ್ನ್ ಹೊಡಿ, ಬರ್ತೀನಿ."

ಮಾರನೆಯ ದಿನ ಕವಲು ಬಂದಾಗ ವರ್ನಾ ಕೋಲಿನ ತುದಿಯಿಂದ ಅವನ ಮೊಣಕೈಗೆ ತಿವಿದಳು. "ಎಡಗೈ ಯಾವುದು ಅಂತ ಗೊತ್ತಾ, ಇಲ್ಲ ತೋರಿಸ್ಕೊಡ್ಲಾ?" ಲೈಲ್‌ಗೆ ನಗು ಬಂತು. ಪಿಕಪ್ಪು ಎಡಕ್ಕೆ ತಿರುಗಿತು. ಅಷ್ಟು ಸುಲಭವಾಗಿತ್ತು ಅದು.

ಆರ್ಡಿಸ್ ಅವನನ್ನು ನೋಡಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ವರ್ನಾ ಅದನ್ನು ಗಮನಿಸದವಳಂತೆ ತಾನು ಮಾಂಸ ತುಂಬಿ ಸುಟ್ಟು ತಂದಿದ್ದ, ಕಡುಬಿನಂಥ ಪ್ಯಾಸ್ಟಿಯ ಪೊಟ್ಟಣ ಬಿಚ್ಚಿ, ಚರ್ಚಿನಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಂದು ಸುದ್ದಿ ಹೇಳತೊಡಗಿದಳು. ಮಾತು ಕಲಿಸಲು ಬರುತ್ತಿದ್ದ ಹುಡುಗಿ ಲೈಲನನ್ನು ಪಕ್ಕಕ್ಕೆ ಕರೆದಳು. "ನಾನು ವಾರಕ್ಕೊಮ್ಮೆ ಬರೋದು, ಸರ್. ದಿನಾ ಮಾತಾಡಿಸೋರು ಬೇಕು. ಅವರಿಗೆ ಗೊತ್ತಿರೋ ದನಿ ಆಗ್ಬೇಕು. ಈಗಿನ ಕೆಲವು ತಿಂಗಳಲ್ಲಿ ಬಂದಷ್ಟೇ ಬರುತ್ತೆ, ಆಮೇಲೆ ಕಷ್ಟ."

ಕ್ರಿಸ್‌ಮಸ್ ಕಳೆದು ಹೊಸ ವರ್ಷ ಬಂದರೂ ವರ್ನಾ ದಿನವೂ ಪಿಕಪ್ಪು ಹತ್ತಿದಳು. ಲೈಲ್ ಬಸ್ಸಿನ ಫೋಟೋ, ಕೆರೆಯ ದಂಡೆಯಲ್ಲಿ ಹಬೆಸ್ನಾನ ಮಾಡುತ್ತಿದ್ದ ಸೌನಾ ಗುಡಿಸಲಿನ ಫೋಟೋ ತಂದು ಹೆಂಡತಿಗೆ ತೋರಿಸುತ್ತಾ ತೋಚಿದ್ದನ್ನೆಲ್ಲ ಹೇಳುತ್ತಿದ್ದ. ಜೀವನದಲ್ಲಿ ಎಂದೂ ಅವನು ಅಷ್ಟು ಮಾತಾಡಿರಲಿಲ್ಲ. ಒಂದು ದಿನ ಅವನು ಸೂಪನ್ನು ಅವಳ ಅಂಗಿಯ ಮೇಲೆ ಚೆಲ್ಲಿದಾಗ ಆರ್ಡಿಸ್ ಸ್ಪಷ್ಟವಾಗಿ "ಕತ್ತೆ" ಅಂದಳು.

ವರ್ನಾ ಚಪ್ಪಾಳೆ ತಟ್ಟಿದಳು. "ನೋಡಿದ್ಯಾ, ಗಂಡನ ಗುರುತು ಹಿಡಿದ್ಲು!"

ಆರ್ಡಿಸ್‌ಳ ಅರ್ಧ ಬಾಯಿ ನಕ್ಕಿತು. ಅದಾದ ಸ್ವಲ್ಪ ದಿನಕ್ಕೆ ಅವಳು "ಲೈಲ್" ಅಂದಳು. ನಾಲಗೆಯನ್ನು ಕಷ್ಟದಿಂದ ಎತ್ತಿ, ಕಣ್ಣನ್ನು ಅವನ ಮೇಲೇ ನೆಟ್ಟು. ಅವನು ಪಡಸಾಲೆಗೆ ಹೋಗಿ ಗೋಡೆಗೆ ಹಣೆ ಕೊಟ್ಟು ನಿಂತು, ಮುಖ ಒರೆಸಿಕೊಂಡು ಒಳಗೆ ಬಂದ.

ಫೆಬ್ರವರಿಯಲ್ಲಿ ವರ್ನಾ ಮೆಟ್ಟಿಲ ಮೇಲಿನ ಮಂಜುಗಡ್ಡೆಗೆ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ದೂರದ ಮಿಲ್ವಾಕಿ ನಗರದಲ್ಲಿದ್ದ ಮಗಳು ಬಂದು ಕರೆದುಕೊಂಡು ಹೋದಳು. ಹೊರಡುವಾಗ ಗಾಲಿಕುರ್ಚಿಯಲ್ಲಿ ಕೂತಿದ್ದ ವರ್ನಾ ಅವನ ತೋಳು ಹಿಡಿದು ಹತ್ತಿರ ಎಳೆದುಕೊಂಡಳು. "ಕವಲಿನ ಹತ್ತಿರ ಹೋಗ್ಲೇಬೇಡ. ಮರ ಸಾಗಿಸೋ ಹಿಂದಿನ ದಾರಿ ಇದೆಯಲ್ಲ, ಅದನ್ನ ಹಿಡಿ. ಸುತ್ತಾದ್ರೆ ಆಗ್ಲಿ."

ಅವನು ಹಾಗೇ ಮಾಡಿದ. ಗಣಿಯ ಹೊಂಡವನ್ನು ಬಳಸಿಕೊಂಡು, ಪೈನ್ ಮರಗಳ ನಡುವೆ ಕುಲುಕಾಡಿಕೊಂಡು ಹೋಗುವ ಆ ದಾರಿಯಲ್ಲಿ ಬಾರಿನ ಫಲಕ ಕಾಣುತ್ತಿರಲಿಲ್ಲ. ಕೈಗೆ ತಿರುಗಲು ಜಾಗವೂ ಇರಲಿಲ್ಲ. ಒಬ್ಬನೇ ಹೋಗಿ ಬಂದ ಮೊದಲ ದಿನ ಅವನಿಗೆ ತನ್ನ ಮೇಲೇ ಏನೋ ಒಂದು ಹಿಗ್ಗು. ಮನೆಗೆ ಬಂದು ಕೋಟು ಬಿಚ್ಚದೆಯೇ ವರ್ನಾಳಿಗೆ ಫೋನ್ ಮಾಡಿ ಹೇಳಿದ.

ಆಮೇಲೆ ದೊಡ್ಡ ಸರೋವರದ ಕಡೆಯಿಂದ ಬಿರುಗಾಳಿ ಎದ್ದು ಮೂರು ದಿನ ಹಿಮ ಸುರಿಯಿತು. ಹೆದ್ದಾರಿಯನ್ನು ತೆರವು ಮಾಡಿದರು. ಹಿಂದಿನ ದಾರಿಯನ್ನು ಯಾರೂ ಮುಟ್ಟಲಿಲ್ಲ. ಅದರ ಬಾಯಿಗೆ ಎದೆಯೆತ್ತರದ ಹಿಮದ ಗೋಡೆ ನಿಂತಿತ್ತು. ಲೈಲ್ ಅದರ ಮುಂದೆ ಎಂಜಿನ್ ಓಡಿಸಿಕೊಂಡೇ ಬಹಳ ಹೊತ್ತು ಕೂತಿದ್ದು, ಕೊನೆಗೆ ಹೆದ್ದಾರಿಗೆ ಬಂದ. ಎಡಕ್ಕೆ, ಎಡಕ್ಕೆ ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಲೇ ಬಂದ. ಕವಲಿನಲ್ಲಿ ಬಲಕ್ಕೆ ತಿರುಗಿದ.

"ಅರೆ! ಸತ್ತೇ ಹೋದೆ ಅಂದ್ಕೊಂಡಿದ್ವಲ್ಲೋ!" ಎಂದು ಡ್ವೇನ್ ಕೇಳದೆಯೇ ಲೋಟ ತುಂಬಿ ಮುಂದಿಟ್ಟ. ಒಳಗೆ ಬೆಚ್ಚಗಿತ್ತು. ಯಾರೂ ಅವನ ಮುಖ ನೋಡುತ್ತಾ ಮಾತಿಗಾಗಿ ತಡಕಾಡುತ್ತಿರಲಿಲ್ಲ.

ವರ್ನಾ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದಳು.

"ಹೋಗಿದ್ಯಾ?"

"ಹೋಗಿದ್ದೆ."

"ಏನಂದ್ಲು?"

"ಹೆಸರು ಹಿಡಿದು ಕರೆದ್ಲು. ನಿನ್ನನ್ನೂ ಕೇಳಿದ್ಲು."

"ಒಳ್ಳೇದು," ಅನ್ನುತ್ತಿದ್ದಳು ವರ್ನಾ. ಆಮೇಲೆ ತನ್ನ ಸೊಂಟದ ವಿಷಯ, ಮಗಳ ಅಡಿಗೆಯ ವಿಷಯ ಹೇಳುತ್ತಿದ್ದಳು.

ಅವನು ಪ್ರಯತ್ನ ಮಾಡಲಿಲ್ಲ ಅನ್ನುವಂತಿಲ್ಲ. ಡ್ವೇನ್‌ಗೆ, "ನಾಳೆಯಿಂದ ನಾನು ಬಂದ್ರೆ ಕೊಡ್ಬೇಡ, ವಾಪಸ್ ಕಳಿಸು" ಅಂದ. ಡ್ವೇನ್ ಲೋಟ ಒರೆಸುತ್ತಾ ನಕ್ಕ. "ಹೋದ ವಾರಾನೂ ನೀನು ಇದನ್ನೇ ಹೇಳಿದ್ದೆ ಮಾರಾಯ. ಕಳಿಸಿದ್ದಕ್ಕೆ ಬಾಯಿಗೆ ಬಂದ ಹಾಗೆ ಬೈದು ಮತ್ತೆ ಕೂತೆ." ಲೈಲ್‌ಗೆ ಅದು ನೆನಪೇ ಇರಲಿಲ್ಲ.

ತಪ್ಪಿಸಿದ ದಿನಗಳು ಹೆಚ್ಚಿದಂತೆ ಹೋಗುವುದು ಇನ್ನೂ ಕಷ್ಟವಾಯಿತು. ಇಷ್ಟು ದಿನ ಎಲ್ಲಿದ್ದೆ ಎಂದು ಕೇಳಲು ಆರ್ಡಿಸ್‌ಗೆ ಬಾಯಿ ಇರಲಿಲ್ಲ. ಕೇಳುವ ಕಣ್ಣು ಇತ್ತು.

ಮಾರ್ಚ್ ಕೊನೆಯಲ್ಲಿ, ಸೂರಿನಿಂದ ನೀರು ತೊಟ್ಟಿಕ್ಕುತ್ತಿದ್ದ ಒಂದು ಬೆಳಿಗ್ಗೆ ಅವನು ಎಡಕ್ಕೆ ತಿರುಗಿದ. ಏಕೆ ಅಂದು ಸಾಧ್ಯವಾಯಿತೋ ಅವನಿಗೂ ತಿಳಿಯದು. ಆರ್ಡಿಸ್ ಅರ್ಧಕ್ಕರ್ಧ ಇಳಿದುಹೋಗಿದ್ದಳು. ಬಸ್ಸಿನ ಫೋಟೋ ತೋರಿಸಿದರೆ ಅವಳು ಬಾಗಿಲ ಕಡೆ ನೋಡಿದಳು; ವರ್ನಾ ಹಿಂದೆ ಬರುತ್ತಿರಬಹುದು ಎಂದು. "ಅವಳು ಊರಲ್ಲಿಲ್ಲ ಕಣೇ," ಅಂದ ಲೈಲ್. "ಲೈಲ್ ಅಂತ ಅನ್ನು. ಒಂದ್ಸಲ ಅನ್ನು." ಅವಳ ತುಟಿ ಅಲುಗಲಿಲ್ಲ. ಮಾತು ಕಲಿಸುವ ಹುಡುಗಿ ಈಗ ಬರುತ್ತಿಲ್ಲ ಎಂದು ನರ್ಸ್ ಹೇಳಿದಳು. "ಮಧ್ಯೆ ಅಭ್ಯಾಸ ತಪ್ಪಿಹೋಯ್ತಲ್ಲ, ಮುಂದಕ್ಕೆ ಹೋಗ್ತಿರ್ಲಿಲ್ಲ." ಅವಳ ದನಿಯಲ್ಲಿ ಆಕ್ಷೇಪ ಇರಲಿಲ್ಲ. ಇದ್ದಿದ್ದರೆ ಅವನಿಗೆ ಚೆನ್ನಾಗಿರುತ್ತಿತ್ತು.

ಸಂಜೆಯ ಊಟ ಬರುವವರೆಗೂ ಕೂತಿದ್ದು, ತಾನೇ ತಿನ್ನಿಸಿ, ಬಾಯಿ ಒರೆಸಿ, ಕೋಟು ತೊಟ್ಟ.

"ನಾಳೆ ಬರ್ತೀನಿ."

"ಇಲ್ಲ," ಅಂದಳು ಆರ್ಡಿಸ್.

ಆ ಒಂದು ಮಾತು ಅವಳಲ್ಲಿ ಉಳಿದಿತ್ತು.

"ಬರ್ತೀನಿ ಆರ್ಡಿಸ್. ಖಂಡಿತ."

"ಇಲ್ಲ." ಸಿಟ್ಟಿನಿಂದಲ್ಲ. ಮನೆಯಲ್ಲಿ ಬ್ರೆಡ್ ಇಲ್ಲ ಅನ್ನುವ ಹಾಗೆ.

ಅವನು ಮಾರನೆಯ ದಿನ ಹೋದ. ಅದರ ಮಾರನೆಯ ದಿನವೂ ಹೋದ. ಆಮೇಲೆ ಒಂದು ಬೆಳಿಗ್ಗೆ ಮಳೆ ಹಿಮ ಎರಡೂ ಬೆರೆತು ಬೀಳುತ್ತಿತ್ತು, ರಸ್ತೆ ಜಾರುತ್ತಿತ್ತು. ಸ್ವಲ್ಪ ನಿಂತಮೇಲೆ ಹೋಗೋಣ ಎಂದು ಬಲಕ್ಕೆ ತಿರುಗಿದ.

ಸರೋವರದ ಮೇಲಿನ ಮಂಜುಗಡ್ಡೆ ಒಡೆಯುವ ಮೊದಲೇ ಆರ್ಡಿಸ್ ತೀರಿಹೋದಳು. ಇನ್ನೊಂದು ಪಾರ್ಶ್ವವಾಯು, ಬೆಳಗಿನ ತಿಂಡಿಯ ಹೊತ್ತಿಗೆ. ಆರೈಕೆ ಮನೆಯವರು ಮನೆಗೆ ಫೋನ್ ಮಾಡಿದರು, ಯಾರೂ ಎತ್ತಲಿಲ್ಲ. ಆಮೇಲೆ ಬಾರಿಗೆ ಮಾಡಿದರು. ಡ್ವೇನ್ ಟೀವಿಯ ಸದ್ದು ಅಡಗಿಸಿ ಫೋನನ್ನು ಅವನ ಕೈಗೆ ಕೊಟ್ಟ. ಅಲ್ಲಿ ಕೂತಿದ್ದವರೆಲ್ಲ ತಮ್ಮ ತಮ್ಮ ಲೋಟ ನೋಡುತ್ತಿದ್ದರು.

ಭಾನುವಾರ ವರ್ನಾ ಫೋನ್ ಮಾಡಿದಳು. ಚರ್ಚಿನವರಿಂದ ಸುದ್ದಿ ತಲುಪಿತ್ತು.

"ಅವಳು ಹೋಗೋವಾಗ ನೀನು ಜೊತೆಯಲ್ಲಿದ್ಯಾ?"

ಇದ್ದೆ, ಕೈ ಹಿಡ್ಕೊಂಡಿದ್ದೆ ಎಂಬ ಉತ್ತರ ನಾಲಗೆಯ ತುದಿಗೆ ತಾನಾಗಿಯೇ ಬಂದು ನಿಂತಿತ್ತು.

"ಇಲ್ಲ," ಅಂದ ಲೈಲ್. "ಬಾರಲ್ಲಿದ್ದೆ. ನೀನು ಹೋದ್ಮೇಲೆ ಹಿಂದಿನ ದಾರಿ ಮುಚ್ಚೋವರೆಗೆ ಹೋಗಿದ್ದೆ. ಆಮೇಲೆ ಹೋಗಿದ್ದು ಮೂರೇ ಸಲ. ಹೆಸರು ಹಿಡಿದು ಕರೆದ್ಲು ಅಂದಿದ್ದೆಲ್ಲ ಸುಳ್ಳು."

ಆ ಕಡೆ ಮಗಳ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದ ಸದ್ದು ಕೇಳುತ್ತಿತ್ತು.

"ಗೊತ್ತು," ಅಂದಳು ವರ್ನಾ. "ಪ್ರತಿ ಭಾನುವಾರ ಮೊದಲು ಅಲ್ಲಿಗೆ ಫೋನ್ ಮಾಡಿ, ಆಮೇಲೆ ನಿನಗೆ ಮಾಡ್ತಿದ್ದೆ."

"ಮತ್ತೆ ಯಾಕೆ ಬೈಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ. ಹೋಗೋಕಾಗ್ತಿಲ್ಲ ವರ್ನಾ, ನೀನು ಬಾ ಅಂತ ಒಂದು ಮಾತು ಅಂದಿದ್ರೆ, ಮಗಳ ಕಾಲಾದ್ರೂ ಹಿಡಿದು ಬಂದ್ಬಿಡ್ತಿದ್ದೆ ಕಣೋ. ಗಾಲಿಕುರ್ಚಿ ಪಿಕಪ್ಪಲ್ಲಿ ಹಿಡಿಸ್ತಿತ್ತು. ನಾನೂ ಕೇಳ್ಬಹುದಿತ್ತು. ಕೇಳಲಿಲ್ಲ."

ಲೈಲ್ ಅಡಿಗೆಮನೆಯ ಕುರ್ಚಿ ಎಳೆದುಕೊಂಡು ಕೂತ.

"ಶನಿವಾರ ಚರ್ಚಲ್ಲಿ ಅವಳ ಹೆಸರಲ್ಲಿ ಪ್ರಾರ್ಥನೆ ಇಟ್ಟಿದಾರಂತೆ," ಅಂದಳು ವರ್ನಾ ಮೂಗು ಒರೆಸಿಕೊಂಡು. "ನೀನು ಹೋಗ್ತೀಯಲ್ವಾ?"

ಅವನು ಬಾಯಿ ತೆರೆದ. ಇನ್ನು ಅವಳಿಗೆ ಸುಳ್ಳು ಹೇಳಬಾರದು ಅನ್ನುವುದೊಂದು ಅವನಿಗೆ ಖಚಿತವಿತ್ತು. ಆದರೆ ಹೋಗುತ್ತೇನೆಯೋ ಇಲ್ಲವೋ, ನಿಜ ಯಾವುದು ಅನ್ನುವುದು ಗೊತ್ತಿರಲಿಲ್ಲ. ವರ್ನಾ ಉತ್ತರಕ್ಕಾಗಿ ಕಾಯುತ್ತಲೇ ಇದ್ದಳು.