ಎರಡನೇ ಸಲ ಎಳೆಯಬಾರದ ಗೆರೆ

ನರ್ಸಕ್ಕ ಕೊಟ್ಟ ಮಂತ್ರ ಎರಡೇ ಅಕ್ಷರದ್ದು. ಅಷ್ಟನ್ನು ಹಿಡಿದಿಟ್ಟುಕೊಳ್ಳುವುದೂ ನನ್ನ ಕೈಲಾಗುತ್ತಿರಲಿಲ್ಲ. ಕಣ್ಣು ಮುಚ್ಚಿ ನಾಲ್ಕು ಸಲ ಹೇಳುವಷ್ಟರಲ್ಲಿ ಹಲ್ಲಿನ ಡಾಕ್ಟರ ಕಿಟಕಿಗೆ ಹಾಕಬೇಕಾದ ಗಾಜಿನ ಅಳತೆ ನೆನಪಾಗುತ್ತಿತ್ತು. ಅದರ ಹಿಂದೆಯೇ ಇನ್ನೂ ಬಾರದ ಬಾಗಿಲ ಹಿಡಿಕೆಗಳು, ಆಮೇಲೆ ನನ್ನ ಎಡಮಂಡಿ, ಮಂಡಿಯ ಹಿಂದೆ ಮಗಳು. ಮಗಳು ಬಂದಳೆಂದರೆ ಮಂತ್ರ ಮಂಗಮಾಯ. ಆಗ ನಾನು "ಥತ್!" ಎಂದು ಎದ್ದು ನಿಂತು, ಬಟ್ಟೆ ಕೊಡವಿ, ಮತ್ತೆ ಕೂತು ಮೊದಲಿನಿಂದ ಶುರು ಮಾಡುತ್ತಿದ್ದೆ.

ನರ್ಸಕ್ಕ ಆಸ್ಪತ್ರೆಯಿಂದ ನಿವೃತ್ತರಾಗಿ ನಮ್ಮ ಗಾಜಿನಂಗಡಿಯ ಮೇಲಿನ ಮನೆಯಲ್ಲಿದ್ದರು. ಬೆಳಿಗ್ಗೆ ಅವರ ನಡುಮನೆಯಲ್ಲಿ ನಾನು, ಒಬ್ಬ ಬಸ್ ಡ್ರೈವರ್, ಅವನ ಹೆಂಡತಿ ಕೂರುತ್ತಿದ್ದೆವು. ಡ್ರೈವರ್ ಕೂತ ಕೂಡಲೇ ಗೊರಕೆ ಹೊಡೆಯುತ್ತಿದ್ದ. ಅವನನ್ನು ಯಾರೂ ಏನೂ ಅನ್ನುತ್ತಿರಲಿಲ್ಲ. ಎಲ್ಲರಿಗೂ ತೊಂದರೆ ನನ್ನದೇ.

ನಾನೇನು ಶಾಂತಿ ಹುಡುಕಿಕೊಂಡು ಮೆಟ್ಟಿಲು ಹತ್ತಿದವಳಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ. ಗಾಜಿನ ಕೆಲಸದಲ್ಲಿ ಅದು ಕೆಟ್ಟದ್ದು ಎಂದು ನನಗೆ ಯಾವತ್ತೂ ಅನಿಸಿರಲಿಲ್ಲ. ಆದರೆ ಕೆಲವು ವಾರಗಳ ಹಿಂದೆ, ಕತ್ತರಿಸಿಟ್ಟ ಗಾಜಿನ ಹಾಳೆಯೊಂದನ್ನು ಮಗಳು ಮೂಲೆ ಹಿಡಿದು ಎತ್ತಿದಳು. ಕೈ ಕುಯ್ದುಕೊಂಡಾಳು ಎಂದು ಹಿಂದಿನಿಂದ ಕೂಗಿದೆ. ಕೂಗಿದ್ದಕ್ಕೇ ಬೆಚ್ಚಿಬಿದ್ದಳು, ಹಾಳೆ ಜಾರಿ ಎಡ ಅಂಗೈ ಸೀಳಿತು. ಹೊಲಿಗೆ ಹಾಕಿಸಿಕೊಂಡು ಬಂದವಳು ಅಳಲಿಲ್ಲ, ಜಗಳವಾಡಲಿಲ್ಲ. "ಕನ್ನಡಕದ ಅಂಗಡಿಯವರು ಕರೀತಿದಾರೆ. ಕೈ ವಾಸಿಯಾದ ಮೇಲೆ ಅಲ್ಲಿಗೇ ಹೋಗ್ತೀನಿ ಅನ್ಸತ್ತೆ. ಅಲ್ಲಿ ಯಾರೂ ಕೂಗಲ್ವಂತೆ," ಎಂದಳು.

ಆ 'ಅನ್ಸತ್ತೆ' ಎಂಬ ಮಾತನ್ನು ಹಿಡಿದುಕೊಂಡೇ ನಾನು ಮಾರನೆಯ ದಿನ ನರ್ಸಕ್ಕನ ಬಾಗಿಲು ಬಡಿದದ್ದು. ಅವಳು ಹೋದರೆ ಗಾಜು ಕತ್ತರಿಸುವ ಮೇಜಿನ ಮುಂದೆ ನಾನೊಬ್ಬಳೇ ನಿಲ್ಲಬೇಕು.

ಒಂದು ದಿನ ನಾನು ಎದ್ದು ಕೂತದ್ದು ಎಷ್ಟನೆಯ ಸಲವೋ, ನರ್ಸಕ್ಕನಿಗೂ ಸಾಕಾಯಿತು.

"ಅಲ್ಲ ಕಣೇ, ಯಾಕೆ ಹೀಗೆ ಎದ್ದೆದ್ದು ಕೂರ್ತೀಯ? ಇರುವೆ ಕಚ್ತಾ?"

"ಕೆಟ್ಟೋಯ್ತಲ್ಲ ನರ್ಸಕ್ಕ. ಅದಕ್ಕೆ ಹೊಸದು ಶುರು ಮಾಡ್ತಿದೀನಿ."

ಅವರಿಗೆ ಅರ್ಥವಾಗಲಿಲ್ಲ, ಬಿಡಿಸಿ ಹೇಳಿದೆ. ಗಾಜಿನ ಮೇಲೆ ಕಟರ್‌ನ ಚಕ್ರ ಗೆರೆ ಕೊರೆಯುತ್ತಾ ಒಂದೇ ಉಸಿರಿಗೆ ಈ ಅಂಚಿನಿಂದ ಆ ಅಂಚಿಗೆ ಓಡಬೇಕು. ನಡುವೆ ನಿಂತರೆ ಮುಗಿಯಿತು. ನಿಂತಲ್ಲಿಂದ ಮುಂದುವರಿಸಿದರೂ, ಅದೇ ಗೆರೆಯ ಮೇಲೆ ಎರಡನೇ ಸಲ ಎಳೆದರೂ, ಗಾಜು ತನಗೆ ಬೇಕಾದ ಕಡೆ ಸೀಳುತ್ತದೆ. ಆ ಹಾಳೆಯನ್ನು ಪಕ್ಕಕ್ಕಿಟ್ಟು ಬೇರೆಯದನ್ನು ತೆಗೆದುಕೊಳ್ಳಬೇಕು. ನಮ್ಮಪ್ಪ ನನಗೆ ಹೇಳಿಕೊಟ್ಟ ಮೊದಲ ಪಾಠವೇ ಅದು.

ನರ್ಸಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ಡ್ರೈವರ್‌ಗೆ ಎಚ್ಚರವಾಯಿತು.

"ಇದು ಗಾಜಲ್ಲ ಕಣೇ! ತಪ್ಪಿಹೋಯ್ತಾ? ತಪ್ಪಿದ ಕಡೆಯಿಂದಲೇ ಹಿಡ್ಕೋ. ಏಳಬೇಡ, ಬೈಕೋಬೇಡ, ನಡುವಿಂದಲೇ ಹಿಡ್ಕೋ."

ನನಗೆ ರೇಗಿಹೋಯಿತು. ಮುರಿದದ್ದಕ್ಕೆ ಮುರಿದದ್ದನ್ನೇ ಅಂಟಿಸಿಕೊಂಡು ಹೋಗುವುದೂ ಒಂದು ಕೆಲಸವೇ? ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದು ಬಂದೆ. ಆ ಸಂಜೆ ಊಟಕ್ಕೆ ಕೂತಾಗ ನರ್ಸಕ್ಕನ ದನಿಯಲ್ಲೇ "ನಡುವಿಂದಲೇ ಹಿಡ್ಕೋ" ಎಂದು ಅಣಕಿಸಿ, ಇನ್ನು ಆ ಕಡೆ ತಲೆ ಹಾಕುವುದಿಲ್ಲ ಎಂದೆ. ಮಗಳು ನಗಲಿಲ್ಲ. "ನಾಳೆ ಆ ಹೊಲಿಗೆಯಂಗಡಿ ಕನ್ನಡಿ ಕೆಲಸ ನಾನು ಮಾಡ್ಲಾ?" ಎಂದಳು. "ಕೈ ಬರತ್ತಾ ಇಲ್ವಾ ನೋಡ್ಬೇಕು."

ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ.

ಆಳೆತ್ತರದ ಕನ್ನಡಿ ಅದು. ಬೆಳಿಗ್ಗೆ ಮಗಳು ಹಾಳೆಯನ್ನು ಮೇಜಿನ ಕಂಬಳಿಯ ಮೇಲೆ ಮಲಗಿಸಿ, ಎಡಗೈಯಿಂದ ಅಳತೆಪಟ್ಟಿ ಒತ್ತಿ ಹಿಡಿದಳು. ಅಂಗೈಯ ಗಾಯದ ಗುರುತು ಇನ್ನೂ ಕೆಂಪಗಿತ್ತು. ನಾನು ಹಿಂದೆ ನಿಂತೆ. ಪಟ್ಟಿ ಸರಿಯಾಗಿ ಕೂತಿಲ್ಲ, ಕಾಲು ಇನ್ನಷ್ಟು ಅಗಲಿಸಬೇಕು, ಮೊಣಕೈ ಎತ್ತಬೇಕು. ಇದೆಲ್ಲ ನಾಲಿಗೆಯ ತುದಿಗೆ ಬಂದು ನೂಕಾಡುತ್ತಿತ್ತು. ಬೇರೆ ದಾರಿ ಕಾಣದೆ ಒಳಗೊಳಗೇ ಆ ಎರಡಕ್ಷರ ಹೇಳತೊಡಗಿದೆ.

ಮಗಳು ಕಟರ್ ಎತ್ತಿದವಳು ಹಾಗೇ ನಿಂತಳು. "ಏನು ಗೊಣಗ್ತಿದೀಯ?"

"ಏನಿಲ್ಲ."

"ನನ್ನೇ ಬೈಕೊಳ್ತಿದೀಯ ಅಲ್ವಾ?"

"ಅಯ್ಯೋ, ಮಂತ್ರ ಕಣೇ! ಬಾಯಿ ಮುಚ್ಕೊಂಡಿರೋಕೆ ಹೇಳ್ಕೊಳ್ತಿದೀನಿ."

"ಹಾಗಾದ್ರೆ ಜೋರಾಗೇ ಹೇಳಮ್ಮ. ನೀನು ಸುಮ್ನಿದ್ರೆ ಈಗ ಕೂಗ್ತಾಳೆ, ಈಗ ಕೂಗ್ತಾಳೆ ಅಂತ ನನ್ನ ಬೆನ್ನೆಲ್ಲ ಕಿವಿಯಾಗಿರತ್ತೆ."

ನನಗೆ ಮುಖಕ್ಕೆ ಹೊಡೆದಂತಾಯಿತು. ಸುಮ್ಮನಿದ್ದು ಅವಳಿಗೆ ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ನನ್ನ ಮೌನಕ್ಕೂ ಅವಳು ಹೆದರುತ್ತಿದ್ದಳು. ನಾಚಿಕೆಯಾಯಿತು, ನಾಚಿಕೆಯಲ್ಲೇ ಜೋರಾಗಿ ಹೇಳತೊಡಗಿದೆ.

ಚಕ್ರ ಸರ್ರನೆ ಹೊರಟಿತು. ಅರ್ಧ ದಾರಿಯವರೆಗೆ ಗೆರೆ ಕೂದಲಿನಷ್ಟು ಸಣ್ಣಗೆ, ನೇರವಾಗಿ ಬಂತು. ಆಮೇಲೆ ಮೊಣಕೈ ಕೆಳಗಿಳಿಯಿತು. ಅದನ್ನು ಕಂಡದ್ದೇ ನನ್ನ ಬಾಯಿಯ ಮಂತ್ರ ಕಟ್ಟಾಯಿತು. ಅದು ನಿಂತ ಕ್ಷಣವೇ ಅವಳ ಕೈಯೂ ನಿಂತಿತು. ಒಂದು ಬಯ್ಗುಳ ಗಂಟಲವರೆಗೆ ಬಂದು ಕೂತಿತ್ತು.

ಮಗಳು ತಿರುಗಲಿಲ್ಲ. "ನಡುವಿಂದಲೇ ಹಿಡ್ಕೊಮ್ಮ," ಎಂದಳು.

ಹಿಡಿದುಕೊಂಡೆ. ದನಿ ಒಡೆದಿತ್ತು, ಆದರೂ ಹೇಳಿದೆ. ಚಕ್ರವೂ ನಿಂತಲ್ಲಿಂದ ಹೊರಟು ಅಂಚು ಮುಟ್ಟಿತು.

ಗೆರೆಯ ಕೆಳಗೆ ಪಟ್ಟಿ ಇಟ್ಟು ಒತ್ತಿದಾಗ ಗಾಜು ಅರ್ಧದವರೆಗೆ ನೆಟ್ಟಗೆ ಸೀಳಿ, ಚಕ್ರ ನಿಂತಿದ್ದ ಕಡೆಯಿಂದ ಎಡಕ್ಕೆ ಓಡಿತು. ಓಡುತ್ತದೆಂದು ನನಗೆ ಗೊತ್ತಿತ್ತು. ಮಗಳ ಭುಜಗಳೆರಡೂ ಕಿವಿಯವರೆಗೆ ಏರಿದವು. ಪೆಟ್ಟು ತಿನ್ನುವ ಮಕ್ಕಳು ಹಾಗೆ ಭುಜ ಏರಿಸುತ್ತಾರೆ. ನಾನು ಅವಳಿಗೆ ಒಂದು ದಿನವೂ ಹೊಡೆದವಳಲ್ಲ.

"ಹಾಳಾಯ್ತು," ಎಂದೆ. ಮಂತ್ರ ಹೇಳುತ್ತಿದ್ದ ದನಿಯಲ್ಲೇ ಬಂತು ಅದು.

"ಮೊಣಕೈ ಇಳಿಸಿಬಿಟ್ಟೆ."

"ಹ್ಞೂಂ."

ಅವಳು ಸ್ವಲ್ಪ ಹೊತ್ತು ಕಾದಳು. ಇನ್ನೇನೂ ಬರಲಿಲ್ಲ. ಭುಜಗಳು ಮೆಲ್ಲಗೆ ಇಳಿದವು. ಚೂರುಗಳನ್ನು ಡಬ್ಬಕ್ಕೆ ಹಾಕಿ, ಬೇರೆ ಹಾಳೆಯ ಕಡೆ ಹೋಗುತ್ತಾ ಹೇಳಿದಳು: "ಕನ್ನಡಕದಂಗಡಿಯವರಿಗೆ ಬರಲ್ಲ ಅಂತ ಹೇಳ್ಬಿಡ್ತೀನಿ. ಆದ್ರೆ ನೀನು ಮೇಲೆ ಹೋಗೋದು ಬಿಡೋ ಹಾಗಿಲ್ಲ."

ಮಾರನೆಯ ಬೆಳಿಗ್ಗೆ ಮತ್ತೆ ನರ್ಸಕ್ಕನ ನಡುಮನೆಯಲ್ಲಿ ಕೂತೆ. ಕೆಳಗೆ ಮಗಳು ಒಬ್ಬಳೇ ಕೆಲಸ ಮಾಡುತ್ತಿದ್ದಳು. ಅಳತೆ ನೆನಪಾಯಿತು, ಹಿಡಿಕೆ ನೆನಪಾಯಿತು, ಮಂಡಿ ನೋಯಿತು. ಪ್ರತಿ ಸಲವೂ ಹಲ್ಲು ಕಚ್ಚಿಕೊಂಡು ನಡುವಿಂದಲೇ ಹಿಡಿದುಕೊಂಡೆ. ಅಷ್ಟರಲ್ಲಿ ಕೆಳಗೆ ಫಳಾರನೆ ಗಾಜು ಒಡೆದ ಸದ್ದಾಯಿತು. ಅರ್ಧ ಎದ್ದೇಬಿಟ್ಟೆ.

"ಏನೂ ಆಗಿಲ್ಲಮ್ಮ!" ಎಂದು ಕೆಳಗಿನಿಂದ ಮಗಳು ಬೀದಿಗೆಲ್ಲ ಕೇಳುವಂತೆ ಕೂಗಿದಳು, ಥೇಟ್ ನನ್ನದೇ ಗಂಟಲು. "ಕೈಯೂ ಚೆನ್ನಾಗಿದೆ! ಕೂತ್ಕೋ!"

ಕೂತುಕೊಂಡೆ.