ಗಟ್ಟಿ ಮನಸ್ಸಿನವಳು

ನಮ್ಮವರು ಸತ್ತಾಗ ನನಗೆ ಅಳು ಬರಲಿಲ್ಲ. ಇದನ್ನು ಊರಿಗೆಲ್ಲ ಸಾರಿದವಳು ಪಕ್ಕದ ಮನೆಯ ದ್ಯಾವಮ್ಮ. ಹೆಣದ ಮುಂದೆ ಹೆಂಗಸರು ಒಬ್ಬರ ಕೊರಳನ್ನೊಬ್ಬರು ತಬ್ಬಿ ಹಾಡಿಕೊಂಡು ಅಳುತ್ತಿದ್ದಾಗ ಅವಳು ನನ್ನ ತೊಡೆ ಚಿವುಟಿದಳು, ಹಾಗಾದರೂ ಅಳಲಿ ಎಂದು. ಚಿವುಟಿದ್ದು ಗೊತ್ತಾಯಿತು, ನೋವಾಗಲಿಲ್ಲ. ಸುದ್ದಿ ಬರುವ ಮೊದಲು ಒಲೆಯ ಮೇಲೆ ಹಾಲಿಟ್ಟಿದ್ದೆ. ಅದನ್ನು ಯಾರಾದರೂ ಇಳಿಸಿದರೋ ಇಲ್ಲವೋ ಎಂದು ಯೋಚಿಸುತ್ತಿದ್ದೆ.

ಅವರು ಆವತಿಯಿಂದ ಸಣ್ಣ ರೈಲಿನಲ್ಲಿ ಯಲಹಂಕಕ್ಕೆ ಹೋಗಿ, ಅಲ್ಲಿ ಕರೆಂಟ್ ಮೀಟರ್ ಮಾಡುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಎಪ್ಪತ್ತೆರಡನೇ ಇಸವಿಯಲ್ಲಿ ಒಂದು ಸಂಜೆ ರಸ್ತೆ ದಾಟುವಾಗ ಲಾರಿ ಹೊಡೆಯಿತು. ಕೆಲಸದಲ್ಲಿದ್ದವರು ಸತ್ತರೆ ಮನೆಯ ಒಬ್ಬರಿಗೆ ಕೆಲಸ ಕೊಡುವುದು ಆ ಕಂಪನಿಯ ಪದ್ಧತಿ. ಒಬ್ಬರಿಗೆ ಮಾತ್ರ. ನಮ್ಮತ್ತೆ ಪಿಳ್ಳಮ್ಮನವರು ಕಿರಿಮಗ ಗೋಪಾಲಪ್ಪನಿಗೆ ಆಗಲಿ ಅಂದರು. ನನಗೇ ಬೇಕು ಅಂದೆ ನಾನು. ಮಿಡ್ಲ್ ಸ್ಕೂಲು ಮುಗಿಸಿದ್ದೆ, ಕೇಳುವ ಹಕ್ಕಿತ್ತು. ಗೋಪಾಲಪ್ಪ ಒಳ್ಳೆಯವನೇ, ಆದರೆ ನಾಳೆ ಅವನಿಗೊಬ್ಬಳು ಹೆಂಡತಿ ಬರುತ್ತಾಳೆ, ಅವಳು ಬಡಿಸಿದ್ದನ್ನು ನಾನೂ ನನ್ನ ಮಗಳೂ ತಲೆ ತಗ್ಗಿಸಿ ಉಣ್ಣಬೇಕು. ಗಂಡನ ತಿಥಿಯ ಅನ್ನ ಆರುವ ಮೊದಲೇ ಇವಳು ಲೆಕ್ಕ ಹಾಕುತ್ತಾಳೆ ಎಂದು ದ್ಯಾವಮ್ಮ ಆಡಿಕೊಂಡಳು. ಹೌದು, ಹಾಕಿದೆ. ಆಗ ನನ್ನ ತಲೆ ಓಡುತ್ತಿದ್ದುದು ಅಷ್ಟಕ್ಕೇ.

ಕಂಪನಿಯವರು ಇಬ್ಬರೂ ಬನ್ನಿ ಅಂದರು. ಸಣ್ಣ ಸಣ್ಣ ಭಾಗ ಕೂರಿಸುವ ಕೆಲಸ, ಕೈಯೂ ಮನಸ್ಸೂ ಅಲುಗಬಾರದು, ಅದಕ್ಕೆಂದು ಹೊಸದಾಗಿ ಮನಸ್ಸಿನ ಪರೀಕ್ಷೆ ಬಂದಿದೆ, ಅದನ್ನು ಮಾಡುವುದಕ್ಕೆ ಓದಿದ ಸಾಹೇಬರೊಬ್ಬರು ಬೆಂಗಳೂರಿನಿಂದ ಬರುತ್ತಾರೆ ಎಂದರು. ಅತ್ತೆ ಮುತ್ಯಾಲಮ್ಮನ ಗುಡಿಯ ಕುಂಕುಮವನ್ನು ಕಾಗದದಲ್ಲಿ ಕಟ್ಟಿ ಗೋಪಾಲಪ್ಪನ ಜೇಬಿಗಿಟ್ಟರು. ನನಗೆ ಕೊಡಲಿಲ್ಲ. ಬೇಜಾರೂ ಆಗಲಿಲ್ಲ.

ಪರೀಕ್ಷೆ ಎಂದರೆ ಒಂದು ಹಲಗೆ, ಅದರಲ್ಲೊಂದು ಕಿರಿದಾದ ಸೀಳು. ಉದ್ದನೆಯ ಸೂಜಿಯನ್ನು ಈ ತುದಿಯಿಂದ ಆ ತುದಿಗೆ ಅಂಚು ತಾಕಿಸದೆ ಎಳೆಯಬೇಕು; ತಾಕಿದರೆ ಗಂಟೆ ಬಡಿಯುತ್ತದೆ. ಗೋಪಾಲಪ್ಪ ಒಳಗಿದ್ದಾಗ ಅದು ಒಂದೇ ಸಮನೆ ಬಡಿಯುತ್ತಿದ್ದುದು ಹೊರಗೆ ಕೂತ ನನಗೆ ಕೇಳುತ್ತಿತ್ತು. ನನ್ನ ಸರದಿಯಲ್ಲಿ ಗಂಟೆ ಸುಮ್ಮನಿತ್ತು. ತಂತಿ ಕಳಚಿದೆಯೇನೋ ಎಂದು ಸಾಹೇಬರು ತಾವೇ ಸೂಜಿ ತಾಕಿಸಿ ನೋಡಿದರು. ಬಡಿಯಿತು.

ಆಮೇಲೆ ಪ್ರಶ್ನೆಗಳು. ಮುನಿವೆಂಕಟಪ್ಪನ ಹೆಂಡತಿ ಆದಿಲಕ್ಷ್ಮಮ್ಮ ನೀವೇ ಅಲ್ಲವೇ ಎಂದು ಖಚಿತ ಮಾಡಿಕೊಂಡು, ಹೌದು ಅಥವಾ ಇಲ್ಲ ಎಂದಷ್ಟೇ ಹೇಳಬೇಕು ಅಂದರು. ನಿದ್ದೆ ಬರುತ್ತದೆಯೇ? ಹೌದು. ಕಾರಣವಿಲ್ಲದೆ ಅಳು ಬರುತ್ತದೆಯೇ? ಇಲ್ಲ. ಕಾರಣವಿದ್ದರೂ ಬರುವುದಿಲ್ಲ ಎನ್ನಬೇಕೆಂದುಕೊಂಡೆ, ಅದಕ್ಕೆ ಅವರು ಜಾಗ ಬಿಟ್ಟಿರಲಿಲ್ಲ. ಎದುರಿಗೆ ಇಲ್ಲದವರ ದನಿ ಕೇಳಿಸುತ್ತದೆಯೇ? ಇಲ್ಲ. ಕೊನೆಗೆ ಒಂದು ಚಿತ್ರ ತೋರಿಸಿದರು. ಮಂಚದ ಮೇಲೆ ಯಾರೋ ಮಲಗಿದ್ದಾರೆ, ಬಾಗಿಲಲ್ಲಿ ಒಬ್ಬರು ಮುಖಕ್ಕೆ ಕೈ ಅಡ್ಡ ಹಿಡಿದು ನಿಂತಿದ್ದಾರೆ. ಇದಕ್ಕೊಂದು ಕಥೆ ಹೇಳಿ ಅಂದರು.

"ಮಲಗಿರೋರು ಇನ್ನ ಏಳಲ್ಲ. ನಿಂತಿರೋರು ಹೋಗಿ ಒಲೆ ಹಚ್ಚಬೇಕು," ಅಂದೆ.

ಆಮೇಲೆ ಎಂದು ಕೇಳಿದರು. ಆಮೇಲೆ ಉಣ್ಣಬೇಕು ಅಂದೆ. ಸಾಹೇಬರಿಗೆ ಸಂತೋಷವಾದಂತೆ ಕಂಡಿತು.

ವಾಪಸು ಬರುವಾಗ ರೈಲಿನಲ್ಲಿ ಗೋಪಾಲಪ್ಪ ತನ್ನದನ್ನು ಹೇಳಿದ. ಆ ಚಿತ್ರ ನೋಡಿದ ಕೂಡಲೇ ಅಣ್ಣ ಕಂಡಂತಾಗಿ ಅಂಗಿ ನೆನೆಯುವಷ್ಟು ಅತ್ತನಂತೆ, ಸಾಹೇಬರೇ ನೀರು ಕೊಟ್ಟರಂತೆ. ದನಿಯ ಪ್ರಶ್ನೆಗೆ ಹೌದು ಅಂದನಂತೆ. ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ಅಣ್ಣ ಕೆಮ್ಮುವುದು ದಿನವೂ ಕೇಳಿಸುತ್ತದೆ ಎಂದನಂತೆ. ನಮ್ಮ ಕಡೆ ಸತ್ತವರು ಕೆಲವು ಕಾಲ ಮನೆಯಲ್ಲಿ ಸುಳಿದಾಡುತ್ತಾರೆ, ಅದನ್ನು ಯಾರೂ ಮುಚ್ಚಿಡುವುದಿಲ್ಲ. ಅವನು ಸೋತಿದ್ದಾನೆಂದು ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಕಿಟಕಿಯಾಚೆ ನೋಡುತ್ತ ಕೂತೆ.

ತೀರ್ಮಾನ ಹೇಳುವ ದಿನ ಅತ್ತೆಯೂ ಬಂದಿದ್ದರು. ಹುಡುಗನ ಮನಸ್ಸು ದುರ್ಬಲ, ಇಲ್ಲದ್ದು ಕೇಳಿಸುತ್ತದೆ ಎಂದು ಸಾಹೇಬರು ಅವರಿಗೇ ತಿಳಿಸಿ ಹೇಳಿದರು. ನನ್ನ ಕಡೆ ತಿರುಗಿ, ಇಷ್ಟು ಗಟ್ಟಿ ಮನಸ್ಸು ತಾವು ಕಂಡೇ ಇಲ್ಲ, ಇಂಥವರೇ ಬೇಕು ಅಂದರು. ಒಂದು ವರ್ಷ ಕೆಲಸ ಮಾಡಲಿ, ಮತ್ತೊಮ್ಮೆ ಇದೇ ಪರೀಕ್ಷೆ, ಆಮೇಲೆ ಕಾಯಂ.

ಊರು ಮುಟ್ಟಿದ ಮೇಲೆ ಅತ್ತೆ ಮನೆ ಬಾಗಿಲಲ್ಲಿ ಅಂದರು, "ಅಣ್ಣನಿಗೆ ಅಂತ ಅತ್ತೋನು ಬ್ಯಾಡ್ವಂತೆ. ಅಳ್ದೇ ಇದ್ದೋಳು ಬೇಕಂತೆ. ಊರೋರು ಸುಮ್ನೆ ಆಡ್ಕೊಂತಿದ್ರು. ಈಗ ಓದಿದೋರೇ ಮೊಹರು ಒತ್ತಿ ಕೊಟ್ರು."

ಅತ್ತ ಕೂಸಿಗೆ ಹಾಲು ಎನ್ನುವುದು ಕೇಳಿದ್ದೆವು, ಇದು ಯಾವ ನ್ಯಾಯ ಎಂದು ದ್ಯಾವಮ್ಮ ಕೇಳಿದಳು. ಗೋಪಾಲಪ್ಪ ಮಾತ್ರ ನೀನೇ ಹೋಗು ಅತ್ತಿಗೆ ಎಂದು ಹೇಳಿ ನೇಗಿಲು ಹಿಡಿದ. ಅವನು ನನ್ನನ್ನು ಬೈಯಬಹುದಿತ್ತು.

ಹೋದೆ. ದಿನವೂ ಅದೇ ಬೆಂಚು, ಅದೇ ತೂತು, ಅದೇ ಸೂಜಿಯಂಥ ಕಡ್ಡಿ. ಮೊದಲ ಸಂಬಳ ಅತ್ತೆಯ ಮುಂದಿಟ್ಟೆ, ಅವರು ಮಾತಾಡದೆ ತೆಗೆದಿಟ್ಟುಕೊಂಡರು. ನನ್ನ ಬುತ್ತಿ ಮಾತ್ರ ಅವರೇ ಕಟ್ಟುತ್ತಿದ್ದರು, ಅದೂ ಮಾತಿಲ್ಲದೆ.

ಹೀಗೇ ಹಬ್ಬಗಳೆಲ್ಲ ಕಳೆದವು. ಒಂದು ಬೆಳಿಗ್ಗೆ ಬುತ್ತಿ ಮರೆತು ಅಂಗಳ ದಾಟಿದ್ದೆ. ಒಳಗಿನಿಂದ ಅತ್ತೆ, ಮಗನನ್ನು ಕೂಗುತ್ತಿದ್ದ ಹಾಗೇ ಕೂಗಿದರು, "ಮುನೀ, ಬುತ್ತಿ ಮರ್ತೆ ಕಣೋ."

ಕೂಗಿದ ಮೇಲೆ ಅವರಿಗೇ ತಿಳಿಯಿತು. ಡಬ್ಬಿ ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತರು. ನಾನು ಜಗಲಿಯ ಮೇಲೆ ಕೂತು, ಬೀದಿಗೆ ಕೇಳುವ ಹಾಗೆ ಗೊಳೋ ಎಂದು ಅತ್ತುಬಿಟ್ಟೆ. ನಮ್ಮವರು ಬೇಕು, ನಮ್ಮವರು ಬೇಕು ಎಂಬುದೊಂದೇ. ಅಂತೂ ಅತ್ತಳಲ್ಲ ಎಂದು ಅತ್ತೆಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಅವರು ಓಡಿಬಂದು ಸೆರಗಿನಿಂದ ನನ್ನ ಬಾಯಿ ಮುಚ್ಚಿದರು.

"ಅಳಬ್ಯಾಡ ಕಣಮ್ಮಿ. ಆ ಸಾಯೇಬ ಮತ್ತೆ ಬತ್ತಾನಲ್ಲ, ಕೈ ನಡುಗ್ಬಿಟ್ಟಾತು. ಕಾಯಂ ಆಗ್ಲಿ, ಆಮ್ಯಾಕೆ ಇಬ್ರೂ ಕುಂತ್ಕೊಂಡು ಅಳಾನ."

ಅಳು ನುಂಗಿದೆ. ಮುಖ ತೊಳೆದು ರೈಲು ಹಿಡಿದೆ. ಅವತ್ತಿನಿಂದ ಅತ್ತೆ ನನ್ನನ್ನು ಕಾದರು: ಹಸುಗೂಸನ್ನು ಕಾದ ಹಾಗೆ. ಮನೆಯಲ್ಲಿ ಮಗನ ಹೆಸರೆತ್ತಲಿಲ್ಲ, ನಮ್ಮವರ ಅಂಗಿಗಳನ್ನು ಮಡಿಸಿ ಕಣ್ಣಿಗೆ ಬೀಳದ ಕಡೆ ಇಟ್ಟರು, ದ್ಯಾವಮ್ಮನನ್ನು ಹೊಸ್ತಿಲು ತುಳಿಯಗೊಡಲಿಲ್ಲ.

ಸಾಹೇಬರು ಬಂದರು. ಗಂಟೆ ಬಡಿಯಲಿಲ್ಲ. ಕಾಯಂ ಆಯಿತು.

ಆ ಸಂಜೆ ಅತ್ತೆ ಗೋಪಾಲಪ್ಪನನ್ನೂ ನನ್ನ ಮಗಳನ್ನೂ ಹೊರಗೆ ಕಳಿಸಿ ಅಗುಳಿ ಹಾಕಿದರು. ಚಾಪೆ ಹಾಸಿ, ನನ್ನನ್ನು ಹತ್ತಿರ ಎಳೆದು ಕೂರಿಸಿಕೊಂಡರು. ಅವರ ಕಣ್ಣು ಆಗಲೇ ತುಂಬಿತ್ತು.

"ಆಯ್ತಲ್ಲ, ಇನ್ನ ಅಳಮ್ಮ," ಅಂದರು.

ನಾನು ಕೂತೆ. ನಮ್ಮವರ ಮುಖ ನೆನೆಸಿಕೊಂಡೆ. ಲಾರಿ ನೆನೆಸಿಕೊಂಡೆ. ಅತ್ತೆ ನನ್ನ ಬೆನ್ನು ಸವರುತ್ತ ಕಾಯುತ್ತಿದ್ದರು, ಒಳಗೆ ಕತ್ತಲಾಗುವ ತನಕ ಕಾದರು.

"ಬರ್ತಿಲ್ಲ ಅತ್ತೆಮ್ಮ," ಅಂದೆ.

ಅವರಿಗೆ ಭಯವಾಯಿತು. ನನಗೆ ಅದೂ ಆಗಲಿಲ್ಲ.